ಕೂಗದೆ ಕೂತ ಬೇಸಿಗೆ

ಶೋವಾ ೫೮ (೧೯೮೩), ಜುಲೈ ೬, ಬುಧವಾರ

ಗಂಟಲಿನ ಗಂಟು ತೆಗೆದರು. ಡಾಕ್ಟರ್ ಅದನ್ನು ಸೀಸೆಯಲ್ಲಿ ಹಾಕಿ ತೋರಿಸಿದ. ನೆನೆಸಿದ ಅಲಸಂದೆ ಕಾಳಿನಷ್ಟಿತ್ತು. ಇಷ್ಟಕ್ಕೇ ಇಷ್ಟೊಂದು ರಂಪವೇ ಅನ್ನಬೇಕೆಂದಿದ್ದೆ, ಅನ್ನುವ ಹಾಗಿಲ್ಲ. ಒಂದು ವಾರ ತುಟಿ ಬಿಚ್ಚಬಾರದು. ಆಮೇಲೆ ಮೆಲ್ಲಗೆ ಮಾತಾಡಬಹುದಂತೆ. ಕೂಗುವುದು ಮಾತ್ರ ಅಕ್ಟೋಬರ್ ಅರ್ಧ ಕಳೆಯುವವರೆಗೆ ಬಂದ್.

"ಅಷ್ಟರೊಳಗೆ ಒಂದೇ ಒಂದ್ಸಲ ಕಿರುಚಿದ್ರೂ ಸ್ವರ ಹೋದ ಹಾಗೇ ಅಜ್ಜಿ" ಅಂದ. "ಅಲ್ಲ, ಇಷ್ಟು ದೊಡ್ಡ ಗಂಟು ಬರೋ ಹಾಗೆ ಏನ್ ಕೆಲಸ ಮಾಡ್ತಿದ್ರಿ?"

ನನ್ನ ಪರವಾಗಿ ಸೊಸೆ ಕಯೋಕೊ ಉತ್ತರ ಕೊಟ್ಟಳು. "ಟವೆಲ್ ಮಿಲ್ಲಲ್ಲಿ ನಲವತ್ತು ವರ್ಷ. ಆ ಮಗ್ಗಗಳ ಸದ್ದಲ್ಲಿ ಕೂಗದೆ ಇದ್ರೆ ಪಕ್ಕದೋಳಿಗೂ ಕೇಳ್ತಿರಲಿಲ್ಲ. ರಿಟೈರ್ ಆದ್ಮೇಲೆ ಬೇಸ್‌ಬಾಲ್ ಮೈದಾನದಲ್ಲಿ ಬೈಯೋ ಕೆಲಸ ಹಿಡಿದಿದಾರೆ."

ಡಾಕ್ಟರ್ ನಕ್ಕ. ಅವನ ಹಲ್ಲಿನ ಬಗ್ಗೆ ಒಂದು ಒಳ್ಳೆಯ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ನುಂಗಿದ್ದಕ್ಕೆ ಗಂಟಲು ಉರಿಯಿತು.

ದಾರಿಯಲ್ಲಿ ಕಯೋಕೊ ಈ ನೋಟ್‌ಬುಕ್ಕನ್ನೂ ಕೊರಳಿಗೆ ನೇತುಹಾಕಿಕೊಳ್ಳಲು ಒಂದು ಸಣ್ಣ ಸ್ಲೇಟನ್ನೂ ಕೊಡಿಸಿದಳು. "ಬಾಯಿಗೆ ಬಂದಿದ್ದನ್ನ ಇದ್ರಲ್ಲಿ ಬರೀರಿ ಅತ್ತೆ. ಹೊಟ್ಟೇಲಿ ಇಟ್ಕೊಂಡ್ರೆ ಅಲ್ಲೂ ಒಂದು ಗಂಟಾಗುತ್ತೆ." ನಾನು ಓದಿದ್ದು ನಮ್ಮೂರ ಶಾಲೆಯ ನಾಲ್ಕು ಕ್ಲಾಸು. ಅಕ್ಷರ ಸೊಟ್ಟಗಾದರೇನು, ಓದುವವಳೂ ನಾನೇ ತಾನೆ.

ಹಾಗಾದರೆ ಮೊದಲು ಬರೆಯಬೇಕಾದ್ದನ್ನು ಬರೆಯುತ್ತೇನೆ. ನಮ್ಮೂರ ಬೇಸ್‌ಬಾಲ್ ತಂಡ ಸೆನ್‌ಶೂ ಕೊಕ್ಕರೆಗಳು ಆರು ತಂಡಗಳಲ್ಲಿ ಆರನೆಯವರು. ಏಳು ತಂಡ ಇದ್ದಿದ್ದರೆ ಏಳನೆಯವರಾಗಿರುತ್ತಿದ್ದರು. ಮ್ಯಾನೇಜರನಿಗೆ ಒಬ್ಬ ಆಟಗಾರ ಮೊದಲ ಬೇಸ್ ಮುಟ್ಟಿದನೆಂದರೆ ಹೆದರಿಕೆ ಶುರು. ಹಿಂದೆ ಬಂದವನಿಗೆ ಚೆಂಡನ್ನು ಮೆಲ್ಲಗೆ ತಟ್ಟಿ ನೀನು ಔಟಾಗಿ ಸಾಯಿ, ಅವನು ಮುಂದೆ ಹೋಗಲಿ ಅನ್ನುತ್ತಾನೆ. ಹೀಗೇ ಎಲ್ಲರೂ ಸತ್ತ ಮೇಲೆ ಮೂರು ಬೇಸ್ ದಾಟಿ ಮನೆ ಮುಟ್ಟಿ ರನ್ ತರುವವರು ಯಾರು? ಇನ್ನು ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಹುಡುಗ ಕೂದಲನ್ನು ಗುಂಗುರು ಮಾಡಿಸಿಕೊಂಡಿದ್ದಾನೆ, ತಲೆಯ ಮೇಲೆ ಟೋಪಿ ನಿಲ್ಲುವುದಿಲ್ಲ. ಚೆಂಡು ಹಿಡಿಯಬೇಕಾದ ಕೈ ಟೋಪಿ ಹಿಡಿಯುತ್ತಿದೆ.

ಐವತ್ತೆರಡನೇ ನಂಬರಿನವನ ಬಗ್ಗೆ ನಾಳೆ ಬರೆಯುತ್ತೇನೆ. ಅವನಿಗೊಂದು ಇಡೀ ಪುಟ ಬೇಕು.

ಜುಲೈ ೧೦, ಭಾನುವಾರ

ದೀಪದ ಕರೆಂಟು ಉಳಿಯಲಿ ಎಂದು ನಮ್ಮವರು ಭಾನುವಾರ ಹಗಲಲ್ಲೇ ಆಡುತ್ತಾರೆ. ಬಿಸಿಲಿಗೆ ಕಾಂಕ್ರೀಟ್ ಮೆಟ್ಟಿಲು ರೊಟ್ಟಿ ಹೆಂಚಾಗಿತ್ತು. ಬಂದಿದ್ದವರು ಮುನ್ನೂರು ಜನ ಇದ್ದರೆ ಹೆಚ್ಚು. ಇಂಥ ಖಾಲಿ ಮೈದಾನದಲ್ಲೇ ಬೈಗುಳಕ್ಕೆ ಬೆಲೆ, ಆಡಿದ ಒಂದೊಂದು ಅಕ್ಷರವೂ ಆಟಗಾರನ ಕಿವಿಗೆ ಹೋಗಿ ಕೂರುತ್ತದೆ. ನಮ್ಮಲ್ಲಿ ಇದಕ್ಕೊಂದು ಕಟ್ಟುಪಾಡಿದೆ. ಆಟವನ್ನು ಬೈಯಬಹುದು, ಅಪ್ಪ ಅಮ್ಮನನ್ನು ಬೈಯಬಾರದು. ಕೇಳಿದವನಿಗೂ ಒಳಗೊಳಗೇ ನಗು ಬರಬೇಕು.

ನಾನು ತಲೆಗೆ ಹಳದಿ ಟವೆಲ್ ಕಟ್ಟಿಕೊಂಡು, ಕೊರಳಲ್ಲಿ ಸ್ಲೇಟ್ ಹಾಕಿಕೊಂಡು ನನ್ನ ಜಾಗದಲ್ಲಿ ಕೂತೆ. ಡೋಲು ಬಾರಿಸುವ ಮೀನಂಗಡಿ ನಿಶಿದೆ ನೋಡಿ, "ಏನ್ ಶಿಗೆಜ್ಜಿ, ದೇವರು ಕಣ್ಣು ಬಿಟ್ಟನಾ?" ಅಂದ. ಸ್ಲೇಟಿನ ಮೇಲೆ ಒಂದು ಮಾತು ಬರೆದು ತೋರಿಸಿದೆ. ಅವನ ಹೆಂಡತಿ ಓದಿ ಎದ್ದು ಹೋದಳು.

ಐವತ್ತೆರಡು ಅಂದರೆ ಕುಸುಮೊತೊ. ಮೂವತ್ತೊಂದು ವರ್ಷ, ಎತ್ತರದ ಆಳು. ಬ್ಯಾಟ್ ಹಿಡಿದು ನಿಲ್ಲುತ್ತಾನೆ, ಚೆಂಡು ಬರುತ್ತದೆ, ಹೋಗುತ್ತದೆ, ಅವನು ನಿಂತೇ ಇರುತ್ತಾನೆ. ಹೋದ ವರ್ಷ ನಾನು ಕೂಗಿದೆ: "ಏ ಬೆರ್ಚಪ್ಪ, ಗದ್ದೇಲಿ ನಿಂತ್ಕೊಂಡ್ರೆ ಕಾಗೆಗಾದ್ರೂ ಭಯ ಆಗುತ್ತೆ." ಅಷ್ಟೇ ಕೂಗಿದ್ದು. ಮಾರನೆಯ ವಾರಕ್ಕೆ ಸ್ಟ್ಯಾಂಡಿನವರೆಲ್ಲ ಅವನನ್ನು ಬೆರ್ಚಪ್ಪ ಅನ್ನತೊಡಗಿದರು. ಈಗ ನಿಶಿದೆ ಅದಕ್ಕೊಂದು ತಾಳ ಕಟ್ಟಿದ್ದಾನೆ. ಬೆರ್-ಚಪ್-ಪಾ, ಡಂ ಡಂ. ನನ್ನ ಇಪ್ಪತ್ತು ವರ್ಷದ ಬೈಗುಳಗಳಲ್ಲಿ ಇದಕ್ಕಿಂತ ಚೆನ್ನಾಗಿ ನಾಟಿದ್ದು ಇನ್ನೊಂದಿಲ್ಲ.

ಇವತ್ತೂ ನಿಂತ, ಹೊಡೆಯಬೇಕಾದ ಮೂರು ಒಳ್ಳೆಯ ಚೆಂಡು ಹೋದವು, ಮೂರು ಸ್ಟ್ರೈಕ್, ಔಟ್. ೬–೧ಕ್ಕೆ ಸೋತೆವು.

ಪಕ್ಕದಲ್ಲಿ ಹೊಸಬಳೊಬ್ಬಳು ಕೂತಿದ್ದಳು. ಅರವತ್ತರ ಹತ್ತಿರದವಳು, ಬಿಸಿಲಲ್ಲಿ ದುಡಿದ ಮುಖ, ದೊಡ್ಡ ಕೈಗಳು. ಡೋಲು ಶುರುವಾದಾಗ ನನ್ನನ್ನು ತಿರುಗಿ ನೋಡಿದಳು, ಸ್ಲೇಟನ್ನೂ ನೋಡಿದಳು. ಏನೋ ಹೇಳಲು ಹೊರಟವಳು ನಿಲ್ಲಿಸಿಬಿಟ್ಟಳು. ಆಮೇಲೆ ಉಪ್ಪಲ್ಲಿ ಹಾಕಿದ ಪ್ಲಮ್ ಒಂದನ್ನು ಕೊಟ್ಟು, "ಗಂಟಲಿಗೆ ಒಳ್ಳೇದು" ಅಂದಳು. ಹುಳಿ ಹದವಾಗಿತ್ತು.

ಜುಲೈ ೧೪, ಗುರುವಾರ

ಮೆಲ್ಲಗೆ ಮಾತಾಡಬಹುದು ಅಂದ ಡಾಕ್ಟರ್. ಮೊದಲ ಮಾತು ಕಯೋಕೊಗೆ: "ಸಾರಿಗೆ ಉಪ್ಪಿಲ್ಲ." ಬೆಕ್ಕಿನ ಮರಿಯ ಸ್ವರ ಬಂತು. ಅವಳು ಒಲೆಯ ಕಡೆ ತಿರುಗಿ ಹೆಗಲು ಕುಣಿಸಿದಳು. ನಗುತ್ತಿದ್ದಳು ಅಂತ ನನಗೆ ಗೊತ್ತಾಗುವುದಿಲ್ಲವೇ.

ಜುಲೈ ೨೪, ಭಾನುವಾರ

ಇವತ್ತಿನದನ್ನು ಹೇಗೆ ಬರೆಯಲಿ.

ಆ ಹೆಂಗಸು ಮತ್ತೆ ಬಂದಿದ್ದಳು. ಹೆಸರು ಸುಯೆ. ವಾಕಯಾಮದ ಬೆಟ್ಟದಲ್ಲಿ ಕಿತ್ತಳೆ ತೋಟವಂತೆ, ಎರಡು ಗಂಟೆ ರೈಲಲ್ಲಿ ಕೂತು ಬರುತ್ತಾಳೆ. ಮಾತಾಡಲು ನನಗೆ ಅಪ್ಪಣೆ ಸಿಕ್ಕಿದೆ ಅಂತ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವಳೇ ಶುರು ಮಾಡಿದಳು.

"ಅಕ್ಕ, ನಿಮ್ಗೆ ಮಾತು ಬರಲ್ಲ ಅಂತ ಧೈರ್ಯವಾಗಿ ಹೇಳ್ತಿದೀನಿ. ಆ ಐವತ್ತೆರಡು ನನ್ ಮಗ. ಇಸಾಮು."

ನನ್ನ ಬಾಯಿ ತೆರೆದಿತ್ತು, ಮುಚ್ಚಿಕೊಂಡೆ.

"ನಾನು ಇಲ್ಲಿಗೆ ಬರೋದು ಅವನಿಗೆ ಗೊತ್ತಿಲ್ಲ. ಮೊದಲ್ನೇ ವರ್ಷ ಒಂದ್ಸಲ ಬಂದಿದ್ದೆ, ಮೂರು ಚೆಂಡು ಕೈಯಿಂದ ಜಾರಿಸ್ದ. ಆವತ್ತಿಂದ ಬರಬೇಡ ಅಂತಾನೆ. ಆದ್ರೆ ಈ ವರ್ಷ ನೋಡ್ದೆ ಹೋದ್ರೆ ಇನ್ನು ನೋಡೋಕೆ ಇರುತ್ತೋ ಇಲ್ವೋ. ಅಕ್ಟೋಬರಲ್ಲಿ ಪಟ್ಟಿ ಹಾಕ್ತಾರಲ್ಲ, ಕೈಬಿಡೋರ ಪಟ್ಟಿ, ನಿನ್ನ ಹೆಸರೂ ಇರಬಹುದು ಅಂತ ಕೋಚ್ ಹೇಳಿದಾನಂತೆ. ಆ ಕೋಚೂ ಅವನನ್ನ ಬೆರ್ಚಪ್ಪ ಅಂತಾನೇ ಕರೆಯೋದಂತೆ."

ಸ್ಲೇಟಿನ ಮೇಲೆ "ಬಿಸಿಲು ಜಾಸ್ತಿ" ಅಂತ ಬರೆದು ತೋರಿಸಿದೆ. 

ಅವಳು ತಂದಿದ್ದ ಅನ್ನದ ಉಂಡೆಯನ್ನು ಇಬ್ಬರೂ ತಿಂದೆವು. ಒಳಗೆ ಹುರಿದ ಸಣ್ಣ ಮೀನು.  ೪–೨, ಸೋಲು.

ಹೆಸರಿಟ್ಟವಳು ನಾನೇ ಅಂತ ಹೇಳಲಿಲ್ಲ. ಮಾತು ಬಾರದವಳು ಹೇಗೆ ಹೇಳಿಯಾಳು. ಇನ್ನೂ ಕೆಲವು ವಾರ ಸ್ಲೇಟ್ ಇಟ್ಟುಕೊಳ್ಳುವುದೇ ವಾಸಿ.

ಜುಲೈ ೩೧, ಭಾನುವಾರ

ಆಟಕ್ಕೆ ಮುಂಚೆ ನಿಶಿದೆಯ ಮೀನಂಗಡಿಗೆ ಹೋಗಿ ಕಿವಿಯಲ್ಲಿ ಹೇಳಿದೆ, ಆ ತಾಳ ಬಿಟ್ಟುಬಿಡು.

"ಯಾವ ತಾಳ?"

"ಬೆರ್ಚಪ್ಪ."

"ನೀವೇ ಇಟ್ಟ ಹೆಸ್ರು ಶಿಗೆಜ್ಜಿ. ಕೊಕ್ಕರೆಗಳ ಇಡೀ ಆಟದಲ್ಲಿ ಜನಕ್ಕೆ ಖುಷಿ ಕೊಡೋದು ಅದೊಂದೇ. ಅದನ್ನೂ ಬಿಟ್ರೆ ನಾನು ಮನೇಲಿ ಮಲಗ್ತೀನಿ."

"ನಾನ್ ಹೇಳ್ತಿದೀನಿ, ಬಿಡು."

"ಏನಂದ್ರಿ? ಕೇಳಿಸ್ಲಿಲ್ಲ."

ಇಪ್ಪತ್ತು ವರ್ಷದಲ್ಲಿ ನನ್ನ ಮಾತು ಕೇಳಿಸಲಿಲ್ಲ ಅಂದವನು ಇವನೇ ಮೊದಲು. ಮಧ್ಯಾಹ್ನ ನೋಡಿದರೆ ಯಾರೋ ಒಣಹುಲ್ಲಿನ ಬೊಂಬೆ ಮಾಡಿ, ಐವತ್ತೆರಡು ನಂಬರಿನ ಅಂಗಿ ತೊಡಿಸಿ ತಂದಿದ್ದರು. ಸುಯೆ ಅದನ್ನು ನೋಡಿ, "ಹುಲ್ಲು ಚೆನ್ನಾಗಿ ಕಟ್ಟಿದಾರೆ" ಅಂದಳು. ಆಮೇಲೆ ಬಹಳ ಹೊತ್ತು ಟೀ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತಳು.

ಆಗಸ್ಟ್ ೧೫, ಸೋಮವಾರ

ಹಿರಿಯರ ಹಬ್ಬ. ನಮ್ಮ ಯಜಮಾನರ ಫೋಟೋಗೆ ಕಲ್ಲಂಗಡಿ ಇಟ್ಟು, ಕೊಕ್ಕರೆಗಳು ಇನ್ನೂ ಆರನೆಯವರೇ ಅಂತ ವರದಿ ಒಪ್ಪಿಸಿದೆ. ಅವರಿಗೆ ಅಲ್ಲೂ ಆಶ್ಚರ್ಯವಾಗಿರಲಾರದು.

ಮೂರು ದಿನದಿಂದ ಕುಸುಮೊತೊಗೆ ಒಂದು ಒಳ್ಳೆಯ ಹೆಸರು ಹುಡುಕುತ್ತಿದ್ದೇನೆ. ಹೊಸ ಹೆಸರು ನಾಟಿದರೆ ಹಳೆಯದು ತಾನಾಗಿ ಉದುರುತ್ತದೆ ಅಂತ ಲೆಕ್ಕ. ಬೆಟ್ಟದ ಹುಲಿ. ದೇವದಾರು. ಕಯೋಕೊ ಮುಂದೆ ಹೇಳಿ ನೋಡಿದೆ.

"ಚೆನ್ನಾಗಿದೆ ಅತ್ತೆ" ಅಂದಳು, ಬಟ್ಟೆ ಮಡಚುತ್ತಾ. ಮಡಚುವುದು ಮುಗಿಯುವಷ್ಟರಲ್ಲಿ ಕೇಳಿದೆ, ನಾನು ಏನಂದೆ ಹೇಳು. ನೆನಪಿರಲಿಲ್ಲ. ಬೆರ್ಚಪ್ಪ ಅನ್ನುವುದನ್ನು ಮಾತ್ರ ಆಟವನ್ನೇ ನೋಡದ ಅವಳೂ ಮರೆತಿಲ್ಲ. ಬೈಗುಳ ಕುದುರೆ ಏರಿ ಹೋಗುತ್ತದೆ, ಹೊಗಳಿಕೆ ಕುಂಟುತ್ತಾ ಹಿಂದೆ ಬರುತ್ತದೆ. ಇಷ್ಟು ವರ್ಷ ಆ ಕುದುರೆಗೆ ಹುಲ್ಲು ಹಾಕಿದವಳು ನಾನೇ.

ಆಗಸ್ಟ್ ೨೮, ಭಾನುವಾರ

ಕುಸುಮೊತೊನನ್ನು ಎರಡನೇ ತಂಡಕ್ಕೆ ಇಳಿಸಿದ್ದಾರೆ. ಇನ್ನು ಸುಯೆ ಬರುವುದಿಲ್ಲ ಅಂದುಕೊಂಡರೆ ನನ್ನ ಜಾಗದ ಪಕ್ಕ ಛತ್ರಿ ಬಿಚ್ಚಿ ಕೂತಿದ್ದಳು. "ರೈಲಿಗೆ ಕಾಲು ತಾನಾಗೇ ಬಂತು" ಅಂದಳು.

ಮೊದಲನೇ ತಂಡ ಹೇಗೂ ಸೋಲುತ್ತದೆ, ಅದನ್ನು ನೋಡಲು ನಾವೇ ಇರಬೇಕೆಂದೇನಿಲ್ಲ. ಬಸ್ಸು ಹಿಡಿದು ಹೊಳೆದಂಡೆಯಲ್ಲಿ ಎರಡನೇ ತಂಡ ಆಡುವ ಮೈದಾನಕ್ಕೆ ಹೋದೆವು. ಆಟ ಶುರುವಾದ ಮೇಲೆ ನಾನು ಮಧ್ಯದಲ್ಲಿ ಎದ್ದು ಹೊರಟಿದ್ದನ್ನು ನೋಡಿ ನಿಶಿದೆಯ ಕೈಯಲ್ಲಿದ್ದ ಡೋಲಿನ ಕೋಲು ನಿಂತುಬಿಟ್ಟಿತು.

ಅಲ್ಲಿ ಮೆಟ್ಟಿಲೂ ಇಲ್ಲ, ಜನವೂ ಇಲ್ಲ. ಮಗನ ಕಣ್ಣಿಗೆ ಬೀಳಬಾರದಲ್ಲ, ಒಂದೇ ಛತ್ರಿಯನ್ನು ಮುಂದಕ್ಕೆ ಬಾಗಿಸಿ ಇಬ್ಬರೂ ಹಿಂದೆ ಕುಕ್ಕರುಗಾಲಲ್ಲಿ ಕೂತೆವು. ನನ್ನ ಮಂಡಿ ಟಕ್ ಅಂತು. ಸುಯೆ ಬಾಯಿಗೆ ಟವೆಲ್ ತುರುಕಿಕೊಂಡು ನಕ್ಕಳು.

ಕೂಗುವ ಕೆಲಸ ಇಲ್ಲದ್ದರಿಂದ ನೋಡುವ ಕೆಲಸ ಮಾಡಿದೆ. ಅವನು ಸುಮ್ಮನೆ ನಿಲ್ಲುವುದಿಲ್ಲ. ಚೆಂಡು ಎಸೆಯುವವನ ಕೈ ಬಿಡುವ ಮುಂಚೆಯೇ ಅವನ ಹಿಮ್ಮಡಿ ನೆಲಕ್ಕೆ ಊರುತ್ತದೆ. ಕೆಟ್ಟ ಚೆಂಡು ಅಂತ ಗೊತ್ತಾದ ಕೂಡಲೇ ಬಿಟ್ಟುಬಿಡುತ್ತಾನೆ. ಅಂಪೈರ್ ಕಣ್ಣಿಗಿಂತ ಅವನ ಕಣ್ಣು ಚುರುಕು, ಹಾಳಾದ್ದು ತೀರ್ಪು ಕೊಡುವವನು ಅಂಪೈರ್. ನಾಲ್ಕು ಸಲ ಬ್ಯಾಟ್ ಹಿಡಿದು ಬಂದ, ಮೂರು ಸಲ ನಾಲ್ಕು ಕೆಟ್ಟ ಚೆಂಡು ಬಿಟ್ಟು ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದುಹೋದ.

ಹಾಗಂತ ಅವನು ಒಳ್ಳೆಯ ಆಟಗಾರ ಅಂತ ನಾನೇನೂ ಹೇಳುತ್ತಿಲ್ಲ. ಕಂಡದ್ದನ್ನು ಬರೆದೆ.

ಅಲ್ಲಿ ಯಾರು ಗೆದ್ದರು ಅಂತ ನೋಡಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಸುಯೆಯ ಮೂಲಂಗಿ ಉಪ್ಪಿನಕಾಯಿ ಬಹಳ ಚೆನ್ನಾಗಿತ್ತು, ಕಯೋಕೊಗೂ ಸ್ವಲ್ಪ ತಂದೆ.

ಸೆಪ್ಟೆಂಬರ್ ೧೧, ಭಾನುವಾರ

ಹೇಳಿಬಿಟ್ಟೆ.

ಮಳೆ ಬಂದು ಆಟ ಅರ್ಧಕ್ಕೆ ನಿಂತಿತ್ತು. ಎಲ್ಲರೂ ಉಡಾನ್ ಶಾವಿಗೆ ಅಂಗಡಿಯ ಚಾವಣಿಯ ಕೆಳಗೆ ಓಡಿದರು. ನಾವಿಬ್ಬರು ಕೊನೆಯ ಬೆಂಚಿನಲ್ಲಿ ಬಟ್ಟಲು ಹಿಡಿದು ಕೂತೆವು. ಸ್ಲೇಟ್ ಪಕ್ಕಕ್ಕಿಟ್ಟು ಬಾಯಲ್ಲೇ ಹೇಳಿದೆ.

"ಸುಯೆ, ನಿನ್ನ ಮಗನಿಗೆ ಬೆರ್ಚಪ್ಪ ಅಂತ ಹೆಸರಿಟ್ಟೋಳು ನಾನು."

ಅವಳು ಶಾವಿಗೆಯನ್ನು ಪೂರ್ತಿ ಎಳೆದುಕೊಂಡು, ಬಾಯಿ ಒರೆಸಿಕೊಂಡಳು.

"ಗೊತ್ತು ಅಕ್ಕ."

"ಯಾವಾಗಿಂದ?"

"ಹೊಸವರ್ಷಕ್ಕೆ ಊರಿಗೆ ಬಂದಾಗ ಇಸಾಮುನೇ ಹೇಳಿದ್ದ. ಹಳದಿ ಟವೆಲ್ ಕಟ್ಕೊಂಡು ಒಂದು ಮುದುಕಿ ಕೂರುತ್ತೆ, ಅದರ ಬಾಯಿಂದ ಬಂದಿದ್ದು ಅಂತ. ನಿಮ್ಮನ್ನ ಬೈಯೋಕೇ ಬಂದೆ ನಾನು. ಎರಡು ಗಂಟೆ ರೈಲಲ್ಲಿ ಒಂದೊಂದೇ ಮಾತು ಜೋಡಿಸ್ಕೊಂಡು ಬಂದೆ. ಬಂದ್ ನೋಡಿದ್ರೆ ಕೊರಳಲ್ಲಿ ಸ್ಲೇಟು. ತಿರುಗಿ ಬೈಯೋಕೆ ಬಾಯಿಲ್ಲದೋರನ್ನ ಬೈದ್ರೆ ಏನ್ ಸುಖ? ಬಾಯಿ ಬರ್ಲಿ, ಆಮೇಲೆ ಅಂತ ಕಾದೆ. ಸುಮ್ನೆ ಕಾಯೋದು ಹೇಗೆ, ಪ್ಲಮ್ ಕೊಟ್ಟೆ."

"ಬಾಯಿ ಬಂದು ಎರಡು ತಿಂಗಳಾಯ್ತು ಕಣೇ."

"ಅದೂ ಗೊತ್ತು. ಇದೇ ಅಂಗಡೀಲಿ ಈರುಳ್ಳಿ ಇನ್ನಷ್ಟು ಹಾಕು ಅಂತ ಆ ಹುಡುಗಿಗೆ ಗದರಿಸ್ತಿದ್ರಿ. ನಾನು ಕಂಬದ ಹಿಂದೆ ಇದ್ದೆ."

"ಮತ್ಯಾಕೆ ಆಗ್ಲೇ ಬೈಲಿಲ್ಲ?"

"ರೈಲಲ್ಲಿ ಜೋಡಿಸ್ಕೊಂಡಿದ್ದೆಲ್ಲ ಮರೆತುಹೋಗಿತ್ತು" ಅಂದಳು. ನನ್ನ ಬಟ್ಟಲಿನಿಂದ ಒಂದು ಮೀನಿನ ಉಂಡೆ ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು. "ಇದು ದಂಡ."

ಸ್ಲೇಟನ್ನು ಬೆಂಚಿನ ಮೇಲಿಟ್ಟಿದ್ದೆನಲ್ಲ, ಒದ್ದೆಯಾಗದಿರಲಿ ಅಂತ ಅವಳು ಅದರ ಮೇಲೇ ಕೂತಳು. ಏಳುವಾಗ ಎರಡು ಹೋಳಾಗಿತ್ತು.

ಪ್ಲಮ್ ತಿನ್ನುತ್ತಿದ್ದ ಇಷ್ಟು ವಾರ ನಾನು ಅವಳಿಗೆ ಮೋಸ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಎಪ್ಪತ್ತೊಂದು ವರ್ಷಕ್ಕೆ ಇಷ್ಟು ಚೆನ್ನಾಗಿ ಮೋಸ ಹೋದದ್ದು ಇದೇ ಮೊದಲು.

ಸೆಪ್ಟೆಂಬರ್ ೨೭, ಮಂಗಳವಾರ

ಎರಡನೇ ಬೇಸಿನವನ ಕಾಲು ಉಳುಕಿದೆ. ಕುಸುಮೊತೊನನ್ನು ವಾಪಸ್ ಕರೆಸಿದ್ದಾರೆ. ಇನ್ನು ನಮ್ಮೂರಲ್ಲಿ ಉಳಿದಿರುವುದು ಒಂದೇ ಆಟ. ಅವನು ಏನಾದರೂ ತೋರಿಸಿದರೆ ಆವತ್ತು ತೋರಿಸಬೇಕು, ಅದಾದ ಮೇಲೆ ಪಟ್ಟಿ.

ಅಂಚೆ ಕಚೇರಿಯ ಫೋನಿನಿಂದ ಸುಯೆಗೆ ತಿಳಿಸಿದೆ. ಬರುತ್ತೀಯಾ ಅಂದೆ. "ಬರ್ದೆ ಇರ್ತೀನಾ" ಅಂದಳು. 

ಅಕ್ಟೋಬರ್ ೨, ಭಾನುವಾರ

ಕೊನೆಯ ಆಟ ಅಂತ ಮಿಲ್ಲಿನವರು ಬಿಟ್ಟಿ ಟವೆಲ್ ಹಂಚಿದರು. ಅದಕ್ಕೇ ಮೈದಾನ ತುಂಬಿತ್ತು. ನೇಯ್ಗೆ ಸಡಿಲ, ನಾನಿದ್ದಿದ್ದರೆ ಇಂಥದ್ದನ್ನು ಬಾಗಿಲು ದಾಟಿಸುತ್ತಿರಲಿಲ್ಲ.

ಒಂಬತ್ತನೆಯ, ಕೊನೆಯ ಸರದಿ. ೩–೩. ನಮ್ಮವರು ಬ್ಯಾಟ್ ಮಾಡುತ್ತಿದ್ದರು. ಇಬ್ಬರು ಔಟ್, ಮೂರು ಬೇಸಿನಲ್ಲೂ ನಮ್ಮವರು ನಿಂತಿದ್ದರು. ಒಬ್ಬ ಮನೆ ಮುಟ್ಟಿದರೆ ಗೆಲುವು. ಇಂಥ ಹೊತ್ತಲ್ಲಿ ಮ್ಯಾನೇಜರ್ ಕೈ ಎತ್ತಿ ಐವತ್ತೆರಡನ್ನು ಕಳಿಸಿದ. ಅವನಿಗೆ ಬೇರೆ ಯಾರೂ ಉಳಿದಿರಲಿಲ್ಲ.

ಸುಯೆ ನನ್ನ ಮಣಿಕಟ್ಟು ಹಿಡಿದಳು. ಕಿತ್ತಳೆ ಕೀಳುವ ಕೈ, ಇನ್ನೂ ನೋಯುತ್ತಿದೆ.

ಮೊದಲನೆಯ ಚೆಂಡು, ನಿಂತೇ ಇದ್ದ, ಸ್ಟ್ರೈಕ್. ಎರಡನೆಯದು ಅಂಗುಲದಷ್ಟು ಹೊರಗಿತ್ತು, ನಾನು ಆಣೆ ಮಾಡಿ ಹೇಳುತ್ತೇನೆ. ಅಂಪೈರ್ ಅದನ್ನೂ ಸ್ಟ್ರೈಕ್ ಅಂದ. ಇನ್ನೊಂದಾದರೆ ಔಟ್. ನಿಶಿದೆಯ ಡೋಲು ಶುರುವಾಯಿತು. ಬೆರ್-ಚಪ್-ಪಾ, ಡಂ ಡಂ. ಎಂಟು ಸಾವಿರ ಜನ, ಕೈಯಲ್ಲಿ ಟವೆಲ್ ಬೀಸುತ್ತಾ. ಅವನು ಬ್ಯಾಟಿನ ತುದಿಯನ್ನು ನೋಡುತ್ತಾ ನಿಂತಿದ್ದ. ಅವನ ಕಿವಿ ಕೆಂಪಾಗಿದ್ದುದು ನಮ್ಮ ಜಾಗಕ್ಕೂ ಕಾಣುತ್ತಿತ್ತು.

ನಾನು ಎದ್ದೆ. ಹಾಳಾಗಲಿ ಸ್ವರ, ಇರುವುದನ್ನು ಇವತ್ತೇ ಖರ್ಚು ಮಾಡುತ್ತೇನೆ ಅಂತ ಎದೆ ತುಂಬ ಉಸಿರು ಎಳೆದುಕೊಂಡೆ. ಸುಯೆ ನನ್ನ ಬಾಯಿಗೆ ಅಂಗೈ ಒತ್ತಿ ಕೂರಿಸಿಬಿಟ್ಟಳು.

"ನೀವು ಸುಮ್ನಿರಿ ಅಕ್ಕ. ಅವನು ನನ್ ಮಗ, ನಾನು ಬೈತೀನಿ."

ಬೆಟ್ಟದಲ್ಲಿ ಒಂದು ಹಂತದ ತೋಟದಿಂದ ಕೆಳಗಿನ ಹಂತದವರಿಗೆ ಕೂಗಿ ಕೂಗಿ ಬೆಳೆದ ಸ್ವರ ಅದು. ಡೋಲನ್ನು ಸೀಳಿಕೊಂಡು ಹೋಯಿತು.

"ಇಸಾಮೂ, ಕಾಯಿಗೆ ಕೈ ಹಾಕ್ಬೇಡ್ವೋ. ಹಣ್ಣಾಗಿದ್ರೆ ಮಾತ್ರ ಕೀಳು. ಎಷ್ಟ್ ಸಲ ಹೇಳಿದೀನಿ ನಿಂಗೆ."

ನಿಶಿದೆಯ ಕೋಲು ಮೇಲೆ ಎತ್ತಿದ್ದು ಮೇಲೇ ಉಳಿಯಿತು. ಕುಸುಮೊತೊ ಗೆರೆಯಿಂದ ಹೊರಗೆ ಬಂದು ಸ್ಟ್ಯಾಂಡನ್ನು ನೋಡಿದ. ಅಮ್ಮನನ್ನು ಕಂಡ, ಪಕ್ಕದಲ್ಲಿ ಹಳದಿ ಟವೆಲಿನ ನನ್ನನ್ನೂ ಕಂಡ. ಹೆಲ್ಮೆಟ್ಟನ್ನು ಕಣ್ಣಿನವರೆಗೆ ಎಳೆದುಕೊಂಡು ಒಳಗೆ ಹೋಗಿ ನಿಂತ. ನಗುತ್ತಿದ್ದ ಅಂತ ಸುಯೆ, ಅಳುತ್ತಿದ್ದ ಅಂತ ನಾನು. ಹೆಲ್ಮೆಟ್ಟಿಗೇ ಗೊತ್ತು.

ಒಂದು ಕೆಟ್ಟ ಚೆಂಡು. ಎರಡು. ಒಂದನ್ನು ಪಕ್ಕಕ್ಕೆ ತಟ್ಟಿ ಉಳಿದುಕೊಂಡ. ಮೂರನೆಯದೂ ಕೆಟ್ಟದ್ದೇ. ಇನ್ನು ಒಂದೇ. ಒಳ್ಳೆಯದನ್ನು ಬಿಟ್ಟರೆ ಔಟ್, ಕೆಟ್ಟದ್ದನ್ನು ಬಿಟ್ಟರೆ ಅವನು ಮೊದಲ ಬೇಸಿಗೆ ನಡೆಯುತ್ತಾನೆ, ಬೇಸಿನಲ್ಲಿದ್ದವರೆಲ್ಲ ಒಂದೊಂದು ಬೇಸ್ ಮುಂದೆ ಹೋಗಿ ಒಬ್ಬ ಮನೆ ಮುಟ್ಟುತ್ತಾನೆ. ಚೆಂಡು ಬಂತು. ಮೊಣಕಾಲಿನ ಹತ್ತಿರ ಬಂದು ಇಳಿಯಿತು. ಹೊಡೆಯಲು ಆಸೆಯಾಗುವಂಥ ಚೆಂಡು. ಅವನ ಹಿಮ್ಮಡಿ ಊರಿತು, ಬ್ಯಾಟ್ ಅಲುಗಲಿಲ್ಲ.

ಅಂಪೈರ್ ಏನೂ ಅನ್ನಲಿಲ್ಲ. ಮಗ್ಗ ನಿಂತ ಮಿಲ್ಲಿನ ಹಾಗಿತ್ತು ಮೈದಾನ. ಆಮೇಲೆ ಮೊದಲ ಬೇಸಿನ ಕಡೆ ಕೈ ತೋರಿಸಿದ.

ಆ ಕೊನೆಯ ಚೆಂಡಿಗೆ ಬ್ಯಾಟೇ ಬೀಸದೆ ಗೆದ್ದೆವು. ಕುಸುಮೊತೊ ಮೊದಲ ಬೇಸಿಗೆ ಓಡಲಿಲ್ಲ, ನಡೆದ. ಮೂರನೇ ಬೇಸಿನವನು ಮನೆಗೆ ಬರುವಷ್ಟರಲ್ಲಿ ಸುಯೆ ನನ್ನ ಹೆಗಲಿನ ಮೇಲೆ ಬಿದ್ದಿದ್ದಳು. ಅವಳ ಸ್ವರ ಒಡೆದುಹೋಗಿತ್ತು. ನನ್ನ ಡಾಕ್ಟರ ವಿಳಾಸ ಬರೆದುಕೊಟ್ಟೆ.

ಅಕ್ಟೋಬರ್ ೧೨, ಬುಧವಾರ

ಪೇಪರಿನಲ್ಲಿ ಪಟ್ಟಿ ಬಂತು. ಏಳು ಹೆಸರು. ಕಯೋಕೊ ಕೈಯಲ್ಲಿ ಎರಡು ಸಲ ಓದಿಸಿದೆ, ಆಮೇಲೆ ಕನ್ನಡಕ ಹಾಕಿಕೊಂಡು ನಾನೇ ಓದಿದೆ. ಕುಸುಮೊತೊ ಇಲ್ಲ. ಗುಂಗುರು ಕೂದಲಿನವನಿದ್ದಾನೆ, ಪಾಪ. ಟೋಪಿಯ ಬಗ್ಗೆ ನಾನು ಅಷ್ಟು ಅನ್ನಬಾರದಿತ್ತು.

"ಅತ್ತೆ, ಕಣ್ಣಿಗೇನಾದ್ರೂ ಬಿತ್ತಾ?" ಅಂದಳು ಕಯೋಕೊ. ಪೇಪರಿನ ಶಾಯಿ ಉರಿಯುತ್ತೆ ಅಂದೆ.

ಅಕ್ಟೋಬರ್ ೧೬, ಭಾನುವಾರ

ಡಾಕ್ಟರ್ ಮೊನ್ನೆ ಗಂಟಲಿಗೆ ದೀಪ ಹಾಕಿ ನೋಡಿ, ಇನ್ನು ಅಡ್ಡಿಯಿಲ್ಲ, ಆದರೆ ಹಿತಮಿತ ಅಂದ. ಮೊದಲ ಸಲ ಎಲ್ಲಿ, ಯಾರನ್ನು ಕೂಗುವುದು ಅಂತ ಎರಡು ದಿನ ಯೋಚಿಸಿದೆ. ಮನೆಯಲ್ಲಿ ಯಾರೂ ಅಷ್ಟು ದೊಡ್ಡ ತಪ್ಪು ಮಾಡಲಿಲ್ಲ.

ಇವತ್ತು ಸುಯೆ ಬಂದಳು, ಆಟ ಇಲ್ಲದಿದ್ದರೂ. ಈ ವರ್ಷದ ಮೊದಲ ಕಿತ್ತಳೆ, ಸಿಪ್ಪೆ ಇನ್ನೂ ಹಸಿರು, ಒಳಗೆ ರಸ. ಮಗ ಏನಂದ ಅಂತ ಕೇಳಿದೆ.

"ಮುಂದಿನ ವರ್ಷದಿಂದ ಬಾ ಅಂದ. ಆದ್ರೆ ಆ ಮುದುಕಿ ಪಕ್ಕ ಕೂರಬೇಡ, ನಿನ್ನ ಬಾಯೂ ಕೆಡ್ತಿದೆ ಅಂದ."

"ನೀನೇನಂದೆ?"

"ಜಾಗ ಆಗ್ಲೇ ಹಿಡಿದಾಗಿದೆ ಅಂದೆ."

ಕಯೋಕೊ ಅನ್ನ ಬಡಿಸಿದಳು, ಮೂವರೂ ಕಿತ್ತಳೆ ಸುಲಿಯುತ್ತಾ ಸಂಜೆ ಮಾಡಿದೆವು. ಕೊಯ್ಲು ಶುರುವಾದರೆ ಇನ್ನು ಡಿಸೆಂಬರಿನವರೆಗೆ ಅವಳು ಬೆಟ್ಟ ಇಳಿಯುವಂತಿಲ್ಲ. ಸ್ಟೇಷನ್ನಿಗೆ ಕಳಿಸಲು ಹೋದೆ. ರೈಲು ಹೊರಟಿತು. ಅವಳು ಕಿಟಕಿಯಿಂದ ಅರ್ಧ ಹೊರಗೆ ಬಂದು ಟವೆಲ್ ಬೀಸುತ್ತಿದ್ದಳು. ನನಗೆ ಗೊತ್ತಿಲ್ಲದೆಯೇ ಬಾಯಿ ತೆರೆದುಕೊಂಡಿತು.

"ಏ ಸುಯೆ, ಚಳಿಗಾಲ ಪೂರ್ತಿ ಬಿಡುವಿದೆ, ಆ ನಿನ್ನ ಮಗನಿಗೆ ಹಣ್ಣು ಕೀಳೋದನ್ನೂ ಒಂಚೂರು ಕಲ್ಸಿ ಕಳ್ಸೇ."

ಪ್ಲಾಟ್‌ಫಾರಂ ಇಡೀ ತಿರುಗಿ ನೋಡಿತು. ಟಿಕೆಟ್ಟಿಗೆ ತೂತು ಹಾಕುವವನ ಕೈಯಿಂದ ಇಕ್ಕಳ ಬಿತ್ತು. ಸ್ವರ ಹಳೆಯದಲ್ಲ, ಸ್ವಲ್ಪ ತೆಳ್ಳಗಿದೆ. ಆದರೆ ದೂರ ಹೋಗುತ್ತದೆ, ಏಕೆಂದರೆ ಕೊನೆಯ ಬೋಗಿ ತಿರುವಿನಲ್ಲಿ ಮರೆಯಾಗುವ ಮುಂಚೆ ಅವಳು ಏನೋ ತಿರುಗಿ ಬೈದದ್ದು ಕೇಳಿಸಿತು. ಏನೆಂದು ತಿಳಿಯಲಿಲ್ಲ. ಡಿಸೆಂಬರಿನಲ್ಲಿ ಕೇಳಬೇಕು.

ಮಧ್ಯಾಹ್ನ ಟೀವಿಯಲ್ಲಿ ದೊಡ್ಡ ಆಟವಿತ್ತಂತೆ. ಯಾರು ಗೆದ್ದರೋ, ವಿಚಾರಿಸಲು ಮರೆತೆ.